ಕೀವಿನ ಬಟ್ಟೆಯಿಂದ ಸಾಲ್ಮನ್ ಮೀನಿನವರೆಗೆ: ಫ್ರೆಡ್ರಿಕ್ ಮೀಶರ್ ಅವರ ಬದುಕು

ನಮ್ಮ ಮನೆಯ ಫ್ರಿಜ್ ಬಾಗಿಲಿನಲ್ಲಿ ಒಂದು ಚಿಕ್ಕ ಗಾಜಿನ ಬಾಟಲಿ ಇರುತ್ತದೆ. ಅದು ನಮ್ಮ ನಾನಿಯ ಇನ್ಸುಲಿನ್. ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬಿಳಿ ಪುಡಿ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಸೂಜಿ ಹಾಕುವ ಮೊದಲು ಬಾಟಲಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ನಿಧಾನವಾಗಿ ಉರುಳಿಸಬೇಕು. ಆಗ ಅದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗುತ್ತದೆ. ಜೋರಾಗಿ ಕುಲುಕಬಾರದು. ಮನೆಯಲ್ಲಿ ಈ ಕೆಲಸ ನನ್ನದು.

ಕಳೆದ ವರ್ಷ ನಾನಿ ಇದ್ದಕ್ಕಿದ್ದಂತೆ ಸೂಜಿ ಬೇಡವೆಂದು ಹಟ ಹಿಡಿದರು. ಇನ್ಸುಲಿನ್ ಅನ್ನು ಹಂದಿಯಿಂದ ಮಾಡುತ್ತಾರೆ ಎಂದು ಒಂದು ಮದುವೆ ಮನೆಯಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರು. ಅಮ್ಮಿ ಹೇಳಿದರೂ ಕೇಳಲಿಲ್ಲ, ಡಾಕ್ಟರ್ ಹೇಳಿದರೂ ಕೇಳಲಿಲ್ಲ. ಒಂಬತ್ತು ದಿನಗಳಾದ ಮೇಲೆ ಅವರ ಸಕ್ಕರೆ 400 ದಾಟಿ, ಕೊನೆಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಕೂತಿದ್ದಾಗ ಬಾಟಲಿಯ ಡಬ್ಬಿಯೊಳಗೆ ಮಡಚಿಟ್ಟಿದ್ದ ಕಾಗದವನ್ನು ನಾನು ಬಿಡಿಸಿ ಓದಿದೆ. ಇರುವೆ ಗಾತ್ರದ ಅಕ್ಷರಗಳು. ಇನ್ಸುಲಿನ್ ಎಂಬ ಪದದ ಜೊತೆಗೆ ಪ್ರೋಟಮೀನ್ ಎಂಬ ಇನ್ನೊಂದು ಪದ ಅದರಲ್ಲಿತ್ತು. ಅದೇನೆಂದು ನಮ್ಮ ಕಾಲೇಜಿನ ಕೆಮಿಸ್ಟ್ರಿ ಉಪನ್ಯಾಸಕರನ್ನು ಕೇಳಿದೆ. ಅವರು ಒಂದು ಹೆಸರು ಹೇಳಿ ಹುಡುಕಿ ಓದಲು ಹೇಳಿದರು. ಆ ಹೆಸರು ಫ್ರೆಡ್ರಿಕ್ ಮೀಶರ್.

ಬಯಾಲಜಿ ಓದುವ ಗೆಳೆಯರಿಗೆ ಈ ಹೆಸರು ಹೊಸದಲ್ಲ. ಡಿಎನ್‌ಎ ಎಂಬ ವಸ್ತುವನ್ನು ಮೊಟ್ಟಮೊದಲು ಬೇರ್ಪಡಿಸಿದವರು ಮೀಶರ್ ಎಂದು ಅವರ ಪುಸ್ತಕಗಳಲ್ಲಿ ಒಂದು ಸಾಲು ಇರುತ್ತದೆ. ಆದರೆ ಅದೇ ಮೀಶರ್ ಇನ್ನೊಂದು ವಸ್ತುವನ್ನೂ ಕಂಡುಹಿಡಿದರು. ಅದರ ಬಗ್ಗೆ ಆ ಒಂದು ಸಾಲೂ ಇರುವುದಿಲ್ಲ. ನಾನಿಯ ಬಾಟಲಿಯಲ್ಲಿ ಇರುವುದು ಆ ಎರಡನೆಯದು. ಆದ್ದರಿಂದ ನಾನು ಅವರ ಬದುಕನ್ನು ಆ ಕಡೆಯಿಂದ ಹೇಳಲು ಪ್ರಯತ್ನಿಸುತ್ತೇನೆ. ನಾನು ಕಾಮರ್ಸ್ ವಿಭಾಗದವನು. ಸೈನ್ಸ್ ವಿಭಾಗದವರು ಸ್ವಲ್ಪ ಸಹಿಸಿಕೊಳ್ಳಬೇಕು.

ಮೀಶರ್ ಹುಟ್ಟಿದ್ದು 1844ರ ಆಗಸ್ಟ್ 13ರಂದು, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ. ಬಾಸೆಲ್ ರೈನ್ ನದಿಯ ದಂಡೆಯ ಮೇಲಿದೆ. ಈ ನದಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ತಂದೆ ವೈದ್ಯರು ಮತ್ತು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಸೋದರಮಾವ ವಿಲ್ಹೆಲ್ಮ್ ಹಿಸ್ ಕೂಡ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು, ಹೆಸರುವಾಸಿ ಅಂಗರಚನಾ ಶಾಸ್ತ್ರಜ್ಞರು. ಓದಿದವರ ಮನೆ ಎಂದರೆ ಹೀಗೆ. ಇಂಥ ಮನೆಯ ಹುಡುಗನಿಗೆ ದಾರಿ ಸುಲಭ ಎಂದು ನಮಗೆ ಅನಿಸಬಹುದು. ಆದರೆ ಮೀಶರ್ ನಾಚಿಕೆ ಸ್ವಭಾವದವರು. ಮೇಲಾಗಿ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಅವರು ಬಾಸೆಲ್‌ನಲ್ಲಿ ವೈದ್ಯಕೀಯ ಓದಲು ಸೇರಿದರು. ನಡುವೆ ವಿಷಮಶೀತ ಜ್ವರ ಬಂದು ಸುಮಾರು ಒಂದು ವರ್ಷ ಓದು ನಿಂತಿತು. 1868ರಲ್ಲಿ ಪದವಿ ಮುಗಿಯಿತು. ಈಗ ಏನು ಮಾಡುವುದು? ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕಾದ ಕೆಲಸ. ಕಿವಿಯೇ ಮಂದವಾದವರಿಗೆ ಅದು ಹೇಗೆ ಸಾಧ್ಯ? ಸೋದರಮಾವ ಹಿಸ್ ಅವರಿಗೆ ಒಂದು ನಂಬಿಕೆಯಿತ್ತು. ಶರೀರದ ಅಂಗಾಂಗಗಳು ಹೇಗೆ ಬೆಳೆಯುತ್ತವೆ ಎಂಬ ಪ್ರಶ್ನೆಗೆ ಕೊನೆಯ ಉತ್ತರ ಸಿಗುವುದು ರಸಾಯನಶಾಸ್ತ್ರದಲ್ಲಿ ಎಂದು ಅವರು ನಂಬಿದ್ದರು. ಆ ಮಾತು ಮೀಶರ್ ಮನಸ್ಸಿಗೆ ನಾಟಿತು. ರೋಗಿಗಳ ಕೋಣೆ ಬಿಟ್ಟು ಪ್ರಯೋಗಾಲಯ ಸೇರಲು ಜರ್ಮನಿಯ ಟ್ಯೂಬಿಂಗೆನ್‌ಗೆ ಹೋದರು. ಮನೆಯವರು ಡಾಕ್ಟರ್ ಆಗು ಎಂದಾಗ ಬೇರೆ ದಾರಿ ಹಿಡಿಯುವುದು ಎಷ್ಟು ಕಷ್ಟ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತು.

ಟ್ಯೂಬಿಂಗೆನ್‌ನಲ್ಲಿ ಅವರ ಗುರು ಫೆಲಿಕ್ಸ್ ಹೊಪ್ಪೆ-ಸೈಲರ್. ರಕ್ತದ ಕೆಂಪು ವಸ್ತುವಿಗೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟವರು ಇವರೇ. ಇವರ ಪ್ರಯೋಗಾಲಯ ಇದ್ದದ್ದು ಊರಿನ ಮೇಲಿನ ಹಳೆಯ ಕೋಟೆ ಅರಮನೆಯಲ್ಲಿ. ಮೀಶರ್ ಅವರಿಗೆ ಸಿಕ್ಕ ಜಾಗ ಆ ಅರಮನೆಯ ಹಳೆಯ ಅಡುಗೆಮನೆ. ದಪ್ಪ ಕಲ್ಲಿನ ಗೋಡೆ, ಕಮಾನು ಚಾವಣಿ, ತಂಪಾದ ನೆಲ.

ಜೀವಕೋಶ ಯಾವ ರಾಸಾಯನಿಕಗಳಿಂದ ಆಗಿದೆ ಎಂದು ತಿಳಿಯುವುದು ಅವರ ಗುರಿಯಾಗಿತ್ತು. ಅದಕ್ಕೆ ಸರಳವಾದ ಒಂದೇ ಬಗೆಯ ಕೋಶಗಳು ಬೇಕು, ಅದೂ ರಾಶಿಗಟ್ಟಲೆ. ಬಿಳಿ ರಕ್ತಕಣಗಳು ಆಗಬಹುದು ಎಂದುಕೊಂಡರು. ಅವು ಎಲ್ಲಿ ಸಿಗುತ್ತವೆ? ಕೀವಿನಲ್ಲಿ. ಆ ಕಾಲದಲ್ಲಿ ಗಾಯ ಕೀವಾಗದಂತೆ ತಡೆಯುವ ಕ್ರಮ ಇನ್ನೂ ಎಲ್ಲ ಕಡೆ ಬಂದಿರಲಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ಆಸ್ಪತ್ರೆಯಲ್ಲಿ ಕೀವಿಗೆ ಬರವಿರಲಿಲ್ಲ. ಗಾಯಗಳಿಂದ ಬಿಚ್ಚಿ ಎಸೆಯುವ ಬಟ್ಟೆಗಳನ್ನು ಮೀಶರ್ ತರಿಸಿಕೊಂಡರು. ಯಾರೂ ಮುಟ್ಟಲು ಬಯಸದ ಆ ಬಟ್ಟೆಗಳನ್ನು ಉಪ್ಪಿನ ದ್ರಾವಣದಲ್ಲಿ ತೊಳೆದು, ಸೋಸಿ, ಕಣಗಳನ್ನು ಬೇರ್ಪಡಿಸಿದರು. ಕೊಳೆತು ನಾರುವ ಬಟ್ಟೆಗಳನ್ನು ತೆಗೆದುಹಾಕಿ, ತಾಜಾ ಇರುವುದನ್ನು ಮಾತ್ರ ಬಳಸುತ್ತಿದ್ದರು. ಓದುವಾಗ ನನಗೆ ಊಟ ಸೇರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೋಶದ ನಡುವೆ ಕೋಶಕೇಂದ್ರ ಎಂಬ ಚಿಕ್ಕ ಉಂಡೆ ಇರುತ್ತದೆ. ಅದು ಏನು ಮಾಡುತ್ತದೆ ಎಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೀಶರ್ ಬೆಚ್ಚಗಿನ ಆಲ್ಕೋಹಾಲ್‌ನಿಂದ ಕೋಶಗಳ ಕೊಬ್ಬನ್ನು ತೆಗೆದರು. ಪ್ರೋಟೀನನ್ನು ಜೀರ್ಣಿಸಿ ತೆಗೆಯಲು ಹಂದಿಯ ಹೊಟ್ಟೆಯಿಂದ ಬರುವ ಪಾಚಕರಸ ಬಳಸಿದರು. (ನಾನಿಗೆ ಈ ಭಾಗ ಹೇಳುವಾಗ ನಾನು ಬಹಳ ಎಚ್ಚರಿಕೆಯಿಂದ ಹೇಳಿದೆ. ಆ ರಸ ಬಾಸೆಲ್‌ಗೂ ಬಂದಿಲ್ಲ, ನಮ್ಮ ಬಾಟಲಿಗೂ ಬಂದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ.) ಉಳಿದದ್ದು ಕೋಶಕೇಂದ್ರ ಮಾತ್ರ. ಅದರಿಂದ ಬಿಳಿಯ ಒಂದು ವಸ್ತು ಸಿಕ್ಕಿತು. ಕ್ಷಾರದಲ್ಲಿ ಕರಗುತ್ತದೆ, ಆಮ್ಲ ಹಾಕಿದರೆ ಮತ್ತೆ ಗರಟೆಯಾಗಿ ಇಳಿಯುತ್ತದೆ. ಪ್ರೋಟೀನ್ ಅಲ್ಲ, ಏಕೆಂದರೆ ಪಾಚಕರಸ ಅದನ್ನು ಜೀರ್ಣಿಸಲಿಲ್ಲ. ಗಂಧಕ ಇಲ್ಲ, ಆದರೆ ರಂಜಕ ಬಹಳ ಇದೆ. ಇದು 1869ರ ಆರಂಭ. ಮೀಶರ್‌ಗೆ ಆಗ 24 ವರ್ಷ. ಕೋಶಕೇಂದ್ರದಿಂದ ಬಂದದ್ದರಿಂದ ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟರು. ಇಂದು ನಾವು ಡಿಎನ್‌ಎ ಎನ್ನುವುದು ಅದೇ ವಸ್ತುವನ್ನು.

ಗುರುಗಳು ನಂಬಲಿಲ್ಲ. ಕೋಪದಿಂದಲ್ಲ, ಎಚ್ಚರಿಕೆಯಿಂದ. ಹೊಸ ವಸ್ತು ಸಿಕ್ಕಿತೆಂದು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕುವ ಮೊದಲು ಹೊಪ್ಪೆ-ಸೈಲರ್ ತಾವೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಶಿಷ್ಯರ ಕೈಯಲ್ಲೂ ಮಾಡಿಸಿದರು. ಈ ನಡುವೆ ಜರ್ಮನಿ ಮತ್ತು ಫ್ರಾನ್ಸ್ ನಡುವೆ ಯುದ್ಧವೂ ಬಂತು. ಮೀಶರ್ ಟ್ಯೂಬಿಂಗೆನ್ ಬಿಟ್ಟು ಲೈಪ್‌ಜಿಗ್‌ನಲ್ಲಿ ಕಾರ್ಲ್ ಲುಡ್ವಿಗ್ ಅವರ ಬಳಿ ಶರೀರಶಾಸ್ತ್ರದ ಕೆಲಸ ಕಲಿಯುತ್ತ ಕಾದರು. ಅವರ ಲೇಖನ ಹೊರಬಂದದ್ದು 1871ರಲ್ಲಿ. ಎರಡು ವರ್ಷ ಕಾಯುವುದು ಅನ್ಯಾಯ ಎಂದು ಮೊದಲು ನನಗೆ ಅನಿಸಿತು. ಆದರೆ ಲೆಕ್ಕಪರಿಶೋಧನೆ ಆಗದ ಲೆಕ್ಕವನ್ನು ನಾವು ನಂಬುತ್ತೇವೆಯೇ? ಗುರುಗಳು ಮಾಡಿದ್ದು ಆಡಿಟ್. ಅದರಲ್ಲಿ ಶಿಷ್ಯನ ಲೆಕ್ಕ ಸರಿ ಎಂದು ಬಂತು.

ಮೀಶರ್ ಬಾಸೆಲ್‌ಗೆ ಮರಳಿದರು. 1872ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಶರೀರಶಾಸ್ತ್ರದ ಪ್ರಾಧ್ಯಾಪಕರಾದರು. ಹಿಂದೆ ತಂದೆ ಕೂತಿದ್ದ, ಸೋದರಮಾವ ಕೂತಿದ್ದ ಕುರ್ಚಿ ಅದು. ಮನೆತನದ ಬಲದಿಂದ ಬಂದ ಕುರ್ಚಿ ಎಂಬ ಮಾತು ಬಾರದಂತೆ ತಮ್ಮ ಯೋಗ್ಯತೆ ತೋರಿಸಬೇಕಾದ ಹೊರೆ ಅವರ ಮೇಲೆ ಬಿತ್ತು. ಪಾಠ ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ. ಒಳ್ಳೆಯ ಪ್ರಯೋಗಾಲಯವೂ ಇರಲಿಲ್ಲ. ಟ್ಯೂಬಿಂಗೆನ್‌ನಲ್ಲಿ ಸಿಗುತ್ತಿದ್ದ ಅನುಕೂಲ ತಮ್ಮ ಸ್ವಂತ ಊರಿನಲ್ಲಿ ಸಿಗಲಿಲ್ಲ.

ಆದರೆ ಬಾಸೆಲ್‌ನಲ್ಲಿ ರೈನ್ ನದಿ ಇತ್ತು. ಆಗ ಆ ನದಿಯ ತುಂಬ ಸಾಲ್ಮನ್ ಮೀನು. ಈ ಮೀನು ಸಮುದ್ರದಲ್ಲಿ ಬೆಳೆದು, ಸಂತಾನಕ್ಕಾಗಿ ನದಿಯ ಹರಿವಿಗೆ ಎದುರಾಗಿ ನೂರಾರು ಕಿಲೋಮೀಟರ್ ಈಜಿ ಬರುತ್ತದೆ. ನದಿಗೆ ಬಂದ ಮೇಲೆ ತಿಂಗಳುಗಟ್ಟಲೆ ಏನನ್ನೂ ತಿನ್ನುವುದಿಲ್ಲ. ರೋಜಾ ಇಡುವ ನಮಗೆ ಈ ಮೀನಿನ ಮೇಲೆ ಸ್ವಲ್ಪ ಗೌರವ ಹುಟ್ಟಲೇಬೇಕು. ತನ್ನ ಮಾಂಸಖಂಡವನ್ನೇ ಕರಗಿಸಿಕೊಂಡು ಅದು ಮೊಟ್ಟೆ ಅಥವಾ ವೀರ್ಯವನ್ನು ಬೆಳೆಸುತ್ತದೆ. ಇದನ್ನೂ ಮೀಶರ್ ವರ್ಷಗಟ್ಟಲೆ ಅಳೆದು ತೂಗಿ ತೋರಿಸಿದರು. ಆದರೆ ಮೊದಲು ಅವರ ಕಣ್ಣಿಗೆ ಬಿದ್ದದ್ದು ಗಂಡು ಮೀನಿನ ವೀರ್ಯಾಣು. ಅದರ ತಲೆಯ ಭಾಗ ಬಹುಪಾಲು ಕೋಶಕೇಂದ್ರವೇ. ಕೀವಿನ ಬಟ್ಟೆ ಬೇಡ, ಹಂದಿಯ ಪಾಚಕರಸವೂ ಬೇಡ. ನ್ಯೂಕ್ಲೀನ್ ಬೇಕಾದವರಿಗೆ ಇದಕ್ಕಿಂತ ಶುದ್ಧವಾದ ಗಣಿ ಇರಲಿಲ್ಲ.

ಒಂದೇ ತೊಂದರೆ ಎಂದರೆ ನ್ಯೂಕ್ಲೀನ್ ಬೇಗ ಕೆಡುತ್ತಿತ್ತು. ಬಿಸಿಲು ಕಾಲದಲ್ಲಿ ಕೆಲಸ ಸಾಧ್ಯವಿಲ್ಲ. ಆಗ ಇಂದಿನಂಥ ಫ್ರಿಜ್ ಇರಲಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಬೆಳಗಿನ ಜಾವ, ಫಜರ್ ಹೊತ್ತಿಗೆ, ಎದ್ದು ಮೀನು ತರುತ್ತಿದ್ದರು. ಬೆಂಕಿ ಹಾಕದ ಕೋಣೆಯಲ್ಲಿ ಕಿಟಕಿ ತೆರೆದಿಟ್ಟು ಕೆಲಸ ಮಾಡುತ್ತಿದ್ದರು. ಹೊರಗೆ ಸ್ವಿಟ್ಜರ್‌ಲೆಂಡಿನ ಚಳಿ, ಒಳಗೂ ಅದೇ ಚಳಿ. ಅವರ ಮದುವೆಯ ದಿನ ಗೆಳೆಯರು ಪ್ರಯೋಗಾಲಯಕ್ಕೆ ಹೋಗಿ ಅವರನ್ನು ಕರೆದುಕೊಂಡು ಬರಬೇಕಾಯಿತು ಎಂಬ ಕಥೆಯೊಂದು ಚಾಲ್ತಿಯಲ್ಲಿದೆ. ಮದುವೆಯಾದದ್ದು 1878ರಲ್ಲಿ, ಮರಿಯಾ ಅನ್ನಾ ರ್‍ಯೂಷ್ ಅವರೊಂದಿಗೆ.

ಈ ಚಳಿಯ ಕೋಣೆಯಲ್ಲಿ ಎರಡನೆಯ ವಸ್ತು ಸಿಕ್ಕಿತು. ವೀರ್ಯಾಣುವಿನ ತಲೆಗಳನ್ನು ಮೀಶರ್ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರು. ನ್ಯೂಕ್ಲೀನ್ ಕರಗದೆ ಉಳಿಯಿತು. ಆದರೆ ಬೇರೇನೋ ಒಂದು ಆಮ್ಲದೊಳಗೆ ಕರಗಿ ಹೊರಬಂತು. ಅದರಲ್ಲಿ ಸಾರಜನಕ ತುಂಬ ಇತ್ತು, ಅದರ ಗುಣ ಪ್ರತ್ಯಾಮ್ಲದ್ದು. ಅಂದರೆ ನ್ಯೂಕ್ಲೀನ್‌ಗೆ ಪೂರ್ತಿ ವಿರುದ್ಧ. 1874ರಲ್ಲಿ ಪ್ರಕಟಿಸಿದಾಗ ಅದಕ್ಕೆ ಪ್ರೋಟಮೀನ್ ಎಂದು ಹೆಸರು ಕೊಟ್ಟರು. ಮೀನಿನ ವೀರ್ಯಾಣುವಿನಲ್ಲಿ ನ್ಯೂಕ್ಲೀನ್ ಎಂಬ ಆಮ್ಲವೂ ಪ್ರೋಟಮೀನ್ ಎಂಬ ಪ್ರತ್ಯಾಮ್ಲವೂ ಒಂದನ್ನೊಂದು ಹಿಡಿದು ಒಂದು ಬಗೆಯ ಲವಣದಂತೆ ಇವೆ ಎಂದು ಅವರು ಹೇಳಿದರು. ಇದು ಸರಿಯಾದ ಮಾತು. ಅದನ್ನು ಪೂರ್ತಿ ಅರ್ಥ ಮಾಡಿಕೊಳ್ಳಲು ಜಗತ್ತಿಗೆ ಇನ್ನೂ ಬಹಳ ವರ್ಷ ಬೇಕಾಯಿತು.

ಇಲ್ಲಿ ಸ್ವಲ್ಪ ನಿಂತು ವಿವರಿಸುತ್ತೇನೆ. ವಿದ್ಯುತ್ತಿನ ಪ್ಲಸ್‌ಗೆ ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಧನ ಎನ್ನುತ್ತಾರೆ, ಮೈನಸ್‌ಗೆ ಋಣ ಎನ್ನುತ್ತಾರೆ. ಧನ ಎಂದರೆ ದುಡ್ಡು, ಋಣ ಎಂದರೆ ಸಾಲ. ಎರಡೂ ನಮ್ಮ ವಿಭಾಗದ ಪದಗಳೇ ಆದ್ದರಿಂದ ನನಗೆ ಧೈರ್ಯ ಬಂತು. ಡಿಎನ್‌ಎ ಒಂದು ಉದ್ದ ಸರ. ಮೀಶರ್ ಕಂಡ ರಂಜಕ ಆ ಸರದ ಉದ್ದಕ್ಕೂ ಇದೆ, ಒಂದೊಂದು ರಂಜಕದ ಗುಂಪಿಗೂ ಒಂದೊಂದು ಋಣ ಆವೇಶ. ಅಂದರೆ ತಲೆಯಿಂದ ಕಾಲಿನವರೆಗೆ ಸಾಲ. ಪ್ರೋಟಮೀನ್ ಇನ್ನೊಂದು ಸರ, ಬಹಳ ಗಿಡ್ಡದ್ದು. ಸಾಲ್ಮನ್ ಮೀನಿನ ಪ್ರೋಟಮೀನ್‌ನಲ್ಲಿ ತಸ್ಬೀಹ್ ಮಣಿಗಳ ಹಾಗೆ ಪೋಣಿಸಿದ 32 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ 21 ಮಣಿಗಳು ಆರ್ಜಿನೀನ್ ಎಂಬ ಒಂದೇ ಬಗೆಯವು. ಪ್ರತಿಯೊಂದು ಆರ್ಜಿನೀನ್‌ಗೂ ಒಂದು ಧನ ಆವೇಶ. ಹೀಗೆ ಸರದ ತುಂಬ ಧನ ಆವೇಶ ಇರುವ ಅಣುವಿಗೆ ಪಾಲಿಕ್ಯಾಟಯಾನ್ ಎನ್ನುತ್ತಾರೆ.

ಒಂದೇ ಧನ ಆವೇಶ ಇದ್ದರೆ ಏನು ಕಡಿಮೆ? ಉಪ್ಪಿನ ಸೋಡಿಯಂಗೂ ಒಂದು ಧನ ಆವೇಶ ಇದೆಯಲ್ಲ? ಇದೆ, ಆದರೆ ನೀರಿಗೆ ಬಿದ್ದ ಕೂಡಲೇ ಅದು ಜೊತೆಗಾರನನ್ನು ಬಿಟ್ಟು ಹೊರಟುಹೋಗುತ್ತದೆ. ಒಬ್ಬನೇ ಜಾಮೀನುದಾರ ಇರುವ ಸಾಲದ ಹಾಗೆ. ಅವನು ಊರು ಬಿಟ್ಟರೆ ಮುಗಿಯಿತು. ಆದರೆ ಮಹಿಳೆಯರ ಸ್ವಸಹಾಯ ಸಂಘದಲ್ಲಿ ಇಪ್ಪತ್ತು ಜನ ಒಟ್ಟಿಗೆ ಜಾಮೀನು ನಿಲ್ಲುತ್ತಾರೆ. ಒಬ್ಬರು ಕೈಬಿಟ್ಟರೂ ಉಳಿದವರು ಹಿಡಿದಿರುತ್ತಾರೆ, ಕೈಬಿಟ್ಟವರು ಅಷ್ಟರಲ್ಲಿ ಮತ್ತೆ ಬಂದು ಹಿಡಿಯುತ್ತಾರೆ. ಪ್ರೋಟಮೀನ್‌ನ ಬಲ ಇರುವುದು ಈ ಒಟ್ಟಿನಲ್ಲಿ. ಅದು ಡಿಎನ್‌ಎಯನ್ನು ಸುತ್ತಿಕೊಂಡು, ಋಣಗಳು ಒಂದನ್ನೊಂದು ದೂಡದಂತೆ ಮಾಡಿ, ಉದ್ದ ಸರವನ್ನು ವೀರ್ಯಾಣುವಿನ ಸಣ್ಣ ತಲೆಯೊಳಗೆ ಬಿಗಿಯಾಗಿ ಮಡಚಿಡುತ್ತದೆ. ಮೀಶರ್ ಕಾಲದಲ್ಲಿ ಉದ್ದ ಸರದ ಅಣು ಎಂಬ ಕಲ್ಪನೆಯೇ ಇರಲಿಲ್ಲ. ಹೆರ್ಮನ್ ಸ್ಟೌಡಿಂಗರ್ ಅದನ್ನು ವಾದಿಸಿದ್ದು 1920ರಲ್ಲಿ. ಸರ ಯಾವುದೆಂದು ಗೊತ್ತಿಲ್ಲದೆಯೇ ಸರದ ಗುಣವನ್ನು ಹಿಡಿದದ್ದು ಮೀಶರ್ ಅವರ ದೊಡ್ಡತನ ಎಂದು ನಾನು ತಿಳಿಯುತ್ತೇನೆ.

ಇದಾದ ಮೇಲೆ ಮೀಶರ್ ಈ ದಾರಿಯಲ್ಲೇ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಇಲ್ಲಿ ನನಗೆ ಅವರ ಮೇಲೆ ಸ್ವಲ್ಪ ಸಿಟ್ಟೂ ಬರುತ್ತದೆ. ಅವರು ಯಾವ ಕೆಲಸಕ್ಕೂ ಇಲ್ಲ ಎನ್ನಲಾರದವರು. ಜೈಲಿನ ಕೈದಿಗಳಿಗೆ ಎಂಥ ಊಟ ಕೊಡಬೇಕು ಎಂದು ಸರ್ಕಾರ ಕೇಳಿತು. ಅವರು ಕೂತು ಲೆಕ್ಕ ಹಾಕಿ ವರದಿ ಕೊಟ್ಟರು. ಅದು ಒಳ್ಳೆಯ ಕೆಲಸವೇ, ಬೇರೆಯವರೂ ಮಾಡಬಹುದಾಗಿದ್ದ ಕೆಲಸ. 1885ರಲ್ಲಿ ಬಾಸೆಲ್‌ನಲ್ಲಿ ಅಂಗರಚನಾ ಶಾಸ್ತ್ರ ಮತ್ತು ಶರೀರಶಾಸ್ತ್ರಕ್ಕೆ ವೆಸಾಲಿಯಾನಂ ಎಂಬ ಹೊಸ ಕಟ್ಟಡ ಆಯಿತು. ಅದರ ಓಡಾಟವೂ ಇವರದೇ. ನಾವು ಉಸಿರಾಡುವ ವೇಗವನ್ನು ನಿಯಂತ್ರಿಸುವುದು ಆಮ್ಲಜನಕದ ಕೊರತೆಗಿಂತ ಹೆಚ್ಚಾಗಿ ರಕ್ತದ ಇಂಗಾಲದ ಡೈಆಕ್ಸೈಡ್ ಎಂದು ತೋರಿಸಿದರು. ಎತ್ತರದ ಬೆಟ್ಟಗಳಲ್ಲಿ ರಕ್ತ ಹೇಗೆ ಬದಲಾಗುತ್ತದೆ ಎಂದು ನೋಡಿದರು. ಎಲ್ಲವೂ ಒಳ್ಳೆಯ ವಿಜ್ಞಾನ. ಆದರೆ ನ್ಯೂಕ್ಲೀನ್ ಮತ್ತು ಪ್ರೋಟಮೀನ್ ಕಾಯುತ್ತ ಕೂತವು. ಮಕ್ಕಳು ತಂದೆ ತಾಯಿಯನ್ನು ಹೋಲುವುದಕ್ಕೆ ಕಾರಣ ನ್ಯೂಕ್ಲೀನ್ ಇರಬಹುದೇ ಎಂಬ ಯೋಚನೆಯ ಹತ್ತಿರಕ್ಕೂ ಅವರು ಬಂದಿದ್ದರು. ಆದರೆ ಒಂದೇ ವಸ್ತು ಇಷ್ಟೆಲ್ಲ ವೈವಿಧ್ಯ ತರುವುದು ಸಾಧ್ಯವೇ ಎಂದು ಅನುಮಾನಪಟ್ಟು ದೂರ ಸರಿದರು. ಪೂರ್ತಿ ಖಚಿತವಾಗುವವರೆಗೆ ಬರೆದು ಪ್ರಕಟಿಸದ ಸ್ವಭಾವ ಬೇರೆ.

ತೊಂಬತ್ತರ ದಶಕದಲ್ಲಿ ಮತ್ತೆ ಸಾಲ್ಮನ್ ಮೀನಿಗೆ ಮರಳಿದರು. ಅಷ್ಟರಲ್ಲಿ ಕ್ಷಯ ಹಿಡಿದಿತ್ತು. ಚಳಿಯಲ್ಲಿ ದುಡಿದದ್ದರಿಂದ ಹೀಗಾಯಿತು ಎಂದು ಕೆಲವರು ಬರೆಯುತ್ತಾರೆ. ಕ್ಷಯ ರೋಗಾಣುವಿನಿಂದ ಬರುತ್ತದೆಯೇ ಹೊರತು ಚಳಿಯಿಂದಲ್ಲ. ದಣಿದ ದೇಹ ಅದನ್ನು ತಡೆಯಲಾರದೆ ಹೋಗಿರಬಹುದು. ರೋಬರ್ಟ್ ಕೋಖ್ 1882ರಲ್ಲೇ ಆ ರೋಗಾಣುವನ್ನು ತೋರಿಸಿಕೊಟ್ಟಿದ್ದರು, ಆದರೆ ಔಷಧಿ ಬರಲು ಇನ್ನೂ ಅರವತ್ತು ವರ್ಷ ಇತ್ತು. ಮೀಶರ್ ಅವರನ್ನು ದಾವೋಸ್ ಎಂಬ ಬೆಟ್ಟದ ಊರಿನ ಆರೋಗ್ಯಧಾಮಕ್ಕೆ ಕಳಿಸಿದರು. ಟಿಪ್ಪಣಿಗಳನ್ನು ಸೇರಿಸಿ ಒಂದು ಬರಹ ಮಾಡಲು ಅಲ್ಲಿ ಪ್ರಯತ್ನಿಸಿದರು, ಶಕ್ತಿ ಸಾಲಲಿಲ್ಲ. ಅವರ ಹಳೆಯ ಗುರು ಲುಡ್ವಿಗ್ ಕಾಗದ ಬರೆದು, ಮುಂದಿನ ಕಾಲ ಜೀವಕೋಶದ ಬಗ್ಗೆ ಏನೇ ಮಾಡಿದರೂ ಮೊದಲು ದಾರಿ ಮಾಡಿದವನೆಂದು ನಿನ್ನನ್ನು ನೆನೆಯುತ್ತದೆ ಎಂಬರ್ಥದ ಸಮಾಧಾನ ಹೇಳಿದರು. 1895ರ ಆಗಸ್ಟ್ 26ರಂದು ಮೀಶರ್ ದಾವೋಸ್‌ನಲ್ಲೇ ತೀರಿಕೊಂಡರು. ವಯಸ್ಸು 51. ಬಿಟ್ಟುಹೋದ ಟಿಪ್ಪಣಿಗಳನ್ನು ಓಸ್ವಾಲ್ಡ್ ಶ್ಮೀಡೆಬೆರ್ಗ್ ಜೋಡಿಸಿ ಮರುವರ್ಷ ಪ್ರಕಟಿಸಿದರು. 1897ರಲ್ಲಿ ಸೋದರಮಾವ ಹಿಸ್ ಅಳಿಯನ ಬರಹಗಳನ್ನೆಲ್ಲ ಸೇರಿಸಿ ಪುಸ್ತಕವಾಗಿ ತಂದರು.

ನ್ಯೂಕ್ಲೀನ್‌ನ ಮುಂದಿನ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಪ್ರೋಟಮೀನ್‌ನ ಕಥೆಯನ್ನು ಜರ್ಮನಿಯ ಆಲ್ಬ್ರೆಕ್ಟ್ ಕೊಸ್ಸೆಲ್ ಮುಂದುವರಿಸಿದರು. ಹೆರಿಂಗ್, ಸ್ಟರ್ಜನ್ ಹೀಗೆ ಬೇರೆ ಬೇರೆ ಮೀನುಗಳಿಂದ ಪ್ರೋಟಮೀನ್ ತೆಗೆದು, ಅದು ಚಿಕ್ಕ ಪ್ರೋಟೀನ್ ಎಂದೂ ಅದರಲ್ಲಿ ಆರ್ಜಿನೀನ್ ತುಂಬಿದೆ ಎಂದೂ ತೋರಿಸಿದರು. ಅವರಿಗೆ 1910ರಲ್ಲಿ ನೊಬೆಲ್ ಬಂತು. ಆದರೂ ಪ್ರೋಟಮೀನ್‌ನಿಂದ ಯಾರಿಗೂ ಏನೂ ಉಪಯೋಗ ಇರಲಿಲ್ಲ.

1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಸಾಯುತ್ತಿದ್ದ ಮಕ್ಕಳು ಬದುಕಿದರು. ಆದರೆ ಆ ಇನ್ಸುಲಿನ್ ಕೆಲವೇ ಗಂಟೆ ಕೆಲಸ ಮಾಡುತ್ತಿತ್ತು. ದಿನಕ್ಕೆ ಮೂರು ನಾಲ್ಕು ಸೂಜಿ, ಕೆಲವರಿಗೆ ನಡುರಾತ್ರಿ ಎದ್ದು ಇನ್ನೊಂದು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹಾಗೆಡೋರ್ನ್ ಎಂಬ ವೈದ್ಯರು ಇದಕ್ಕೆ ದಾರಿ ಹುಡುಕಿದರು. ನಮ್ಮ ರಕ್ತದಲ್ಲಿ ಇನ್ಸುಲಿನ್‌ಗೆ ಋಣ ಆವೇಶ. ಅದಕ್ಕೆ ಧನ ಆವೇಶದ ಜೊತೆಗಾರನನ್ನು ಕೊಟ್ಟರೆ ಎರಡೂ ಅಂಟಿಕೊಂಡು ಕರಗದ ಪುಡಿಯಾಗುತ್ತವೆ. ಚರ್ಮದ ಕೆಳಗೆ ಆ ಪುಡಿ ನಿಧಾನವಾಗಿ ಕರಗುತ್ತ ಇನ್ಸುಲಿನ್ ಬಿಡುಗಡೆಯಾಗುತ್ತದೆ. ಕಂತಿನ ಲೆಕ್ಕ. ಆ ಜೊತೆಗಾರ ಪ್ರೋಟಮೀನ್. ಅವರು ತೆಗೆದದ್ದು ಟ್ರೌಟ್ ಮೀನಿನಿಂದ. ಇದು 1936. ಹತ್ತು ವರ್ಷದ ನಂತರ ಅವರ ಪ್ರಯೋಗಾಲಯದಲ್ಲೇ ಅದು ಇನ್ನೂ ಸುಧಾರಿಸಿ, ಸ್ವಲ್ಪ ಸತುವೂ ಸೇರಿ, ಚಿಕ್ಕ ಹರಳುಗಳ ರೂಪಕ್ಕೆ ಬಂತು. ಔಷಧಿ ಅಂಗಡಿಯಲ್ಲಿ ಎನ್‌ಪಿಹೆಚ್ ಎನ್ನುವುದು ಅದನ್ನೇ. ಪಿ ಎಂದರೆ ಪ್ರೋಟಮೀನ್, ಹೆಚ್ ಎಂದರೆ ಹಾಗೆಡೋರ್ನ್. ನಾನಿಯ ಬಾಟಲಿ 30/70. ಅಂದರೆ ನೂರರಲ್ಲಿ 70 ಪಾಲು ಈ ಮಬ್ಬು ಇನ್ಸುಲಿನ್, 30 ಪಾಲು ಬೇಗ ಕೆಲಸ ಮಾಡುವ ತಿಳಿ ಇನ್ಸುಲಿನ್. ತಳದಲ್ಲಿ ಕೂರುವ ಬಿಳಿ ಪುಡಿ ಆ ಹರಳುಗಳು. ಉರುಳಿಸದೆ ಸೂಜಿಗೆ ಎಳೆದರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಇನ್ಸುಲಿನ್ ಹೋಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇರುವ ಗೆಳೆಯರು ಇದನ್ನು ಗಮನಿಸಬೇಕು.

ಇನ್ನೊಂದು ಉಪಯೋಗ 1937ರಲ್ಲಿ ಗೊತ್ತಾಯಿತು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಅದು ಋಣ ಆವೇಶ ತುಂಬಿದ ಸರ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರಕ್ತ ಮತ್ತೆ ಹೆಪ್ಪುಗಟ್ಟಲೇಬೇಕು, ಇಲ್ಲದಿದ್ದರೆ ರೋಗಿ ಉಳಿಯುವುದಿಲ್ಲ. ಆಗ ಪ್ರೋಟಮೀನನ್ನು ನಿಧಾನವಾಗಿ ಕೊಟ್ಟರೆ ಅದು ಹೆಪಾರಿನ್ ಅನ್ನು ಹಿಡಿದು ಸುಮ್ಮನಾಗಿಸುತ್ತದೆ. ಸಾಲ ಚುಕ್ತಾ. ಮೀನಿನ ಅಲರ್ಜಿ ಇರುವವರಿಗೂ, ವರ್ಷಗಟ್ಟಲೆ ಮಬ್ಬು ಇನ್ಸುಲಿನ್ ತೆಗೆದುಕೊಂಡವರಿಗೂ ಇದು ಕೆಲವೊಮ್ಮೆ ಒಗ್ಗುವುದಿಲ್ಲ. ಆದ್ದರಿಂದ ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರು ಇದನ್ನು ಡಾಕ್ಟರಿಗೆ ಹೇಳಬೇಕು.

ಈಗ ಇಂಥ ಧನ ಸರಗಳನ್ನು ಕಾರ್ಖಾನೆಗಳಲ್ಲೂ ಮಾಡುತ್ತಾರೆ. ಶಾಂಪೂ ಬಾಟಲಿಯ ಹಿಂದೆ ಪಾಲಿಕ್ವಾಟರ್ನಿಯಂ ಎಂಬ ಪದ ಇದ್ದರೆ ಅದು ಇದೇ ಜಾತಿ. ಕೂದಲಿನ ಮೇಲ್ಮೈಗೆ ಋಣ ಆವೇಶ ಇರುವುದರಿಂದ ತೊಳೆದರೂ ಅದು ಸ್ವಲ್ಪ ಅಂಟಿಕೊಂಡೇ ಉಳಿದು ಕೂದಲು ನಯವಾಗುತ್ತದೆ. ನೀರಿನ ಶುದ್ಧೀಕರಣದಲ್ಲೂ ಬಳಸುತ್ತಾರೆ. ಕೆಸರಿನ ಕಣಗಳಿಗೂ ಋಣ ಆವೇಶವೇ, ಧನ ಸರ ಅವುಗಳನ್ನು ಒಟ್ಟು ಕೂಡಿಸಿ ತಳಕ್ಕೆ ಇಳಿಸುತ್ತದೆ. ಹೊಸ ಜೀನ್‌ಗಳನ್ನು ಕೋಶದೊಳಗೆ ಕಳಿಸಲು ವಿಜ್ಞಾನಿಗಳು ಡಿಎನ್‌ಎಯನ್ನು ಇಂಥ ಸರದಲ್ಲಿ ಸುತ್ತಿ ನೋಡುತ್ತಾರೆ. ಸಾಲ್ಮನ್ ಮೀನು ಮಾಡುತ್ತಿದ್ದ ಕೆಲಸ ಅದು. ಆದರೆ ಧನ ಆವೇಶ ಮಿತಿ ಮೀರಿದರೆ ಅದು ಕೋಶದ ಹೊದಿಕೆಗೇ ಅಂಟಿಕೊಂಡು ಹರಿದುಹಾಕುತ್ತದೆ. ಎಷ್ಟು ಬೇಕು ಎಂಬ ಲೆಕ್ಕ ಇನ್ನೂ ನಡೆಯುತ್ತಿದೆ.

ಟ್ಯೂಬಿಂಗೆನ್ ಅರಮನೆಯ ಆ ಅಡುಗೆಮನೆ ಈಗ ಒಂದು ಚಿಕ್ಕ ವಸ್ತುಸಂಗ್ರಹಾಲಯ. ಮೀಶರ್ ಸಾಲ್ಮನ್ ಮೀನಿನಿಂದ ತೆಗೆದ ನ್ಯೂಕ್ಲೀನ್ ಇರುವ ಒಂದು ಗಾಜಿನ ಕೊಳವೆಯನ್ನು ಆ ವಿಶ್ವವಿದ್ಯಾಲಯ ಉಳಿಸಿಕೊಂಡಿದೆ.

ನಾನಿಯ ವಿಷಯಕ್ಕೆ ಬರುತ್ತೇನೆ. ಮದುವೆ ಮನೆಯಲ್ಲಿ ಹೇಳಿದವರ ಮಾತು ಪೂರ್ತಿ ಸುಳ್ಳಲ್ಲ. ಹಿಂದೆ ಇನ್ಸುಲಿನ್ ಅನ್ನು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಈಗ ನಮ್ಮ ಬಾಟಲಿಯಲ್ಲಿ ಇರುವ ಮಾನವ ಇನ್ಸುಲಿನ್ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಬೆಳೆಸಿ ಮಾಡಿದ್ದು. ಬೆಂಗಳೂರಿನ ಬಯೋಕಾನ್ ಕಂಪನಿಯೇ 2004ರಲ್ಲಿ ಯೀಸ್ಟ್‌ನಿಂದ ಮಾಡಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಅದರ ಜೊತೆ ಇರುವ ಪ್ರೋಟಮೀನ್ ಮೀನಿನದು. ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನು ಇದನ್ನು ಉರ್ದುವಿನಲ್ಲಿ ಎರಡು ದಿನ ಹೇಳಿದೆ. ಮೂರನೆಯ ದಿನ ನಮ್ಮ ಮೊಹಲ್ಲಾದ ಇಮಾಮ್ ಸಾಹೇಬರನ್ನು ಅಬ್ಬಾ ಕರೆತಂದರು. ಅವರು ಕಾಗದ ನೋಡಿ, ನನ್ನ ಮಾತು ಕೇಳಿ, ಸೂಜಿ ಹಾಕಿಸಿಕೊಳ್ಳಿ ಎಂದು ನಾನಿಗೆ ಹೇಳಿ ಹೋದರು. ಅಂದು ರಾತ್ರಿ ನಾನಿ ತಾವೇ ಬಿಸ್ಮಿಲ್ಲಾ ಹೇಳಿ ತೋಳು ಚಾಚಿದರು.

ಈಗ ಯಾರಾದರೂ ಹಂದಿಯ ಮಾತು ತೆಗೆದರೆ ನಾನು ಬಾಯಿ ಬಿಡುವ ಮೊದಲೇ ನಾನಿ ಶುರು ಮಾಡುತ್ತಾರೆ. ಚಳಿಯ ಕೋಣೆ, ಬೆಳಗಿನ ಜಾವ, ಕಿವಿ ಕೇಳಿಸದ ಮೇಷ್ಟ್ರು, ಎಲ್ಲ ಹೇಳುತ್ತಾರೆ. ಮೀಶರ್ ಎಂಬ ಹೆಸರು ಮಾತ್ರ ಅವರ ನಾಲಿಗೆಗೆ ಬರುವುದಿಲ್ಲ. ಮಚ್ಲಿವಾಲೇ ಸಾಹೇಬ್ ಎನ್ನುತ್ತಾರೆ.